ಹಾಸಿಗೆ ಹಿಡಿದವರ ಜೊತೆ ಕೂತು ಟಿವಿ ನೋಡೋದು ಹೇಗೆ

ಅಪ್ಪನಿಗೆ ಇನ್ನು ಕೆಲವೇ ತಿಂಗಳು ಅಂತ ಡಾಕ್ಟರ್ ಹೇಳಿದ ಮೇಲೆ, ಮೈಸೂರಿನ ನಮ್ಮ ಮನೆಗೆ ಬಂದವರೆಲ್ಲ ಬಾಗಿಲಲ್ಲೇ ಮುಖ ಸಪ್ಪಗೆ ಮಾಡಿಕೊಂಡು ಒಳಗೆ ಬರುತ್ತಿದ್ದರು. ಅಪ್ಪನಿಗೆ ಅದೇ ದೊಡ್ಡ ಹಿಂಸೆ. ಟಿವಿ ನೋಡುತ್ತಾ ನಾವು ಕಲಿತದ್ದನ್ನ ಇಲ್ಲಿ ಬರೆದಿದ್ದೀನಿ, ಯಾರಿಗಾದರೂ ಬೇಕಾಗಬಹುದು.

ಮೊದಲು ನ್ಯೂಸ್ ಚಾನೆಲ್ ಬಂದ್ ಮಾಡಿ. ಧಾರಾವಾಹಿನೂ ಬೇಡ, ಅಲ್ಲಿ ಯಾರಾದರೂ ಸತ್ತರೆ ಮನೆಮಂದಿಯ ಮುಖಾನ ಮೂರು ಮೂರು ಸಲ ತೋರಿಸುತ್ತಾರೆ. ರೋಗದ ಮೇಲಿನ ಕಾಮಿಡಿಯನ್ನ ನೀವಾಗಿ ಹಾಕಬೇಡಿ. ಆ ಜೋಕಿನ ಹಕ್ಕು ಹಾಸಿಗೆ ಮೇಲಿರೋರದ್ದು. ಅವರು ಶುರು ಮಾಡಿದರೆ ಮಾತ್ರ ನೀವು ನಗಬಹುದು.

ಅವರು ಜೀವನ ಪೂರ್ತಿ ಒದ್ದಾಡಿದ ಜಾಗದ ಮೇಲಿನ ವಿಡಂಬನೆ ಹುಡುಕಿ. ಅಪ್ಪ ಸರ್ಕಾರಿ ನೌಕರರು, ಅದಕ್ಕೆ ನಾನು 1989ರಲ್ಲಿ ದೂರದರ್ಶನದಲ್ಲಿ ಬಂದ ಜಸ್ಪಾಲ್ ಭಟ್ಟಿಯವರ ‘ಫ್ಲಾಪ್ ಶೋ’ ಹಾಕಿದೆ. ಅಪ್ಪನ ಹಿಂದಿ ಅಷ್ಟಕ್ಕಷ್ಟೆ, ಆದರೆ ಫೈಲಿನ ಭಾಷೆ ಎಲ್ಲಾ ಕಡೆ ಒಂದೇ ಅಲ್ವಾ? ನೌಕರರು ಸುಳ್ಳು ಮೆಡಿಕಲ್ ಬಿಲ್ ಪಾಸ್ ಮಾಡಿಸಿಕೊಳ್ಳೋ ಕಂತು ಬಂದಾಗ ನಕ್ಕು ನಕ್ಕು ಕೆಮ್ಮು ಬಂತು. ಸ್ವಲ್ಪ ನೀರು ಕುಡಿದು, ಒಂದು ಸಲ ಮಂಡ್ಯಕ್ಕೆ ಟ್ರಾನ್ಸ್‌ಫರ್ ಆಗಿದ್ದನ್ನ ತಾವು ಬೆನ್ನುನೋವು ಅಂತ ಸರ್ಟಿಫಿಕೇಟ್ ಕೊಟ್ಟು ತಪ್ಪಿಸಿಕೊಂಡದ್ದನ್ನ ಒಪ್ಪಿಕೊಂಡರು. ಮೂವತ್ತು ವರ್ಷ ಆದಮೇಲೆ! ಅಡುಗೆಮನೆಯಿಂದ ಅಮ್ಮ, ‘ನಂಗೆ ಆವತ್ತೇ ಗೊತ್ತಿತ್ತು’ ಅಂದರು.

ಇದು ಮುಖ್ಯ: ನಡುವೆ ಯಾವಾಗಲೋ ಅವರು ‘ನಾನು ಉಳಿಯಲ್ಲ ಅಲ್ವೇನೋ?’ ಅಂತ ಕೇಳುತ್ತಾರೆ. ಆಗ ಟಿವಿ ಆಫ್ ಮಾಡಬೇಡಿ. ಸೌಂಡ್ ಕಮ್ಮಿ ಮಾಡಿ, ಅಷ್ಟೆ. ನಾನು ಮೊದಲ ಸಲ ಆಫ್ ಮಾಡಿ ಕುರ್ಚಿ ಎಳೆದುಕೊಂಡು ಎದುರು ಕೂತೆ, ಅಪ್ಪ ಗೋಡೆ ಕಡೆ ತಿರುಗಿಬಿಟ್ಟರು. ಎರಡನೇ ಸಲ ಇಬ್ಬರ ಕಣ್ಣೂ ಟಿವಿ ಮೇಲೇ ಇತ್ತು, ‘ಕಷ್ಟ ಅಂತಿದ್ದಾರಪ್ಪ’ ಅಂದೆ, ಅವರು ‘ಹೂಂ’ ಅಂದು ಸ್ವಲ್ಪ ಹೊತ್ತು ಬಿಟ್ಟು ಪೆನ್ಷನ್ ಕಾಗದ ಯಾವ ಬೀರುವಿನಲ್ಲಿದೆ, ಯಾರಿಗೆ ಎಷ್ಟು ಕೊಡಬೇಕು, ಎಲ್ಲಾ ಒಂದೊಂದಾಗಿ ಹೇಳಿದರು. ಮುಖಕ್ಕೆ ಮುಖ ಕೊಟ್ಟು ಆಡೋಕಾಗದ ಮಾತು ಪಕ್ಕದಲ್ಲಿ ಕೂತರೆ ಸಲೀಸಾಗಿ ಬರುತ್ತೆ.

ನೋಡೋಕೆ ಬರುವವರಿಗೂ ಒಂದು ಮಾತು. ನಮ್ಮ ಮೈಸೂರಲ್ಲೇ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಬರೆದ ಆ ಚೌಕಳಿ ಕೋಟಿನ ‘ಸಾಮಾನ್ಯ ಮನುಷ್ಯ’ ಕಾರ್ಟೂನಿನಲ್ಲಿ ಬಾಯೇ ಬಿಡುತ್ತಿರಲಿಲ್ಲ. ಸುಮ್ನೆ ನಿಂತು ನೋಡುತ್ತಿದ್ದ. ನೀವೂ ಹಾಗೇ ಇರಿ. ‘ಶುಗರ್ ಇತ್ತಾ? ಮೊದಲೇ ತೋರಿಸಬೇಕಿತ್ತು’ ಅನ್ನೋದೆಲ್ಲ ಬೇಡ.

ಜೀವ ಹೋದಮೇಲೆ ಟಿವಿಗೆ ರಜೆ. ನಗು ಮಾತ್ರ ಕರೆಯದೇ ಬರುತ್ತೆ, ತಡೀಬೇಡಿ. ಆದರೆ ಮೊದಲು ಯಾರು ನಗುತ್ತಾರೆ ನೋಡಿ. ಅತಿ ಹತ್ತಿರದವರು ಶುರು ಮಾಡೋವರೆಗೂ ಅಳಿಯ, ಸೋದರಮಾವ, ಪಕ್ಕದ ಮನೆಯವರು ತಮ್ಮ ಜೋಕನ್ನ ಜೇಬಲ್ಲೇ ಇಟ್ಟುಕೊಂಡಿರಲಿ. ಶಾಮಿಯಾನದವನು ಫೋನಿನಲ್ಲಿ ‘ಮದುವೆಗಾ ಸಾರ್, ತಿಥಿಗಾ?’ ಅಂತ ಕೇಳಿದಾಗ ನನಗೆ ನಗು ಒತ್ತರಿಸಿಕೊಂಡು ಬಂತು, ಅಮ್ಮನ ಮುಖ ನೋಡಿ ನುಂಗಿಕೊಂಡೆ.

ಅಸ್ಥಿ ಬಿಡೋಕೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದೆವು. ಕಾವೇರಿ ಅಲ್ಲಿ ಪಶ್ಚಿಮಕ್ಕೆ ತಿರುಗುತ್ತಾಳೆ, ಆ ಹೆಸರು ಬಂದದ್ದೂ ಅದಕ್ಕೇ. ಮೊಣಕಾಲವರೆಗೂ ನೀರಿಗಿಳಿದು ಕುಡಿಕೆ ಬಗ್ಗಿಸಿದೆ. ಮೆಟ್ಟಿಲ ಮೇಲೆ ಸೆರಗು ಹೊದ್ದು ನಿಂತಿದ್ದ ಅಮ್ಮ ನೀರನ್ನೇ ನೋಡುತ್ತಾ, ‘ಅಷ್ಟೆಲ್ಲಾ ತಪ್ಪಿಸಿಕೊಂಡರು, ಕೊನೆಗೂ ಮಂಡ್ಯ ಜಿಲ್ಲೆಗೇ ಟ್ರಾನ್ಸ್‌ಫರ್ ಆಯ್ತು ನೋಡು’ ಅಂದರು. ಪುರೋಹಿತರು ಮಂತ್ರ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದರು.