ಶೀತ ಹಿಡಿದ ವಾಲ್ವ್ ರೇಡಿಯೋ: ಮಲೆನಾಡಿನಲ್ಲಿ ನಾನು ರಿಪೇರಿ ಮಾಡುವ ಕ್ರಮ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಟ್ಟದಿಂದ ಇಳಿಸಿ ತರುವ ಹಳೇ ಮರ್ಫಿ, ಫಿಲಿಪ್ಸ್, ಬುಷ್ ಸೆಟ್ಟುಗಳಲ್ಲಿ ವಾಲ್ವ್ (ಟ್ರಾನ್ಸಿಸ್ಟರಿನ ಬದಲಿಗಿರುವ ಗಾಜಿನ ಕೊಳವೆ) ಸತ್ತಿರುವುದಕ್ಕಿಂತ ಹೆಚ್ಚಾಗಿ ಶೀತ ಕುಡಿಯುವ ಭಾಗಗಳೇ ಕೆಟ್ಟಿರುತ್ತವೆ: ಕಾಗದದ ಕಂಡೆನ್ಸರ್, ತೆಳು ತಂತಿಯ ಸುರುಳಿ, ಬ್ಯಾಂಡ್ ಸ್ವಿಚ್ಚು. ಆದ್ದರಿಂದ "ಹಾಡುತ್ತಾ ನೋಡೋಣ" ಅಂತ ಪ್ಲಗ್ ಸಿಕ್ಕಿಸಬೇಡಿ. ಚೆನ್ನಾಗಿರುವ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವುದು ಆ ಒಂದು ನಿಮಿಷದಲ್ಲೇ.

ಮೊದಲು ಒಣಗಿಸುವುದು. ಯಾವ ವಾಲ್ವ್ ಎಲ್ಲಿತ್ತು ಅಂತ ಬರೆದಿಟ್ಟು ಎಲ್ಲವನ್ನೂ ಕಿತ್ತು, ಮೆತ್ತನೆ ಬ್ರಷ್ಷಿನಿಂದ ಮಸಿ, ಬೂಷ್ಟು ತೆಗೆಯುತ್ತೇನೆ. ಚಾಸಿಯನ್ನು (ಭಾಗಗಳನ್ನೆಲ್ಲ ಕೂರಿಸಿದ ಲೋಹದ ಚೌಕಟ್ಟು) ತಗಡಿನ ಪೆಟ್ಟಿಗೆಯಲ್ಲಿಟ್ಟು ಮೂಲೆಯಲ್ಲಿ 40 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬು ಉರಿಸಿ ಎರಡು ದಿನ ಬಿಡುತ್ತೇನೆ. ಮಳೆಗಾಲದಲ್ಲಿ ನಾಲ್ಕು ದಿನ. ಒಳಗಿನ ಬಿಸಿ 50 ಡಿಗ್ರಿ ದಾಟಬಾರದು, ಕಾಯಿಲ್ ಮೇಲಿನ ಮೇಣ ಕರಗುತ್ತದೆ. ಒಲೆ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ. ಅಲ್ಲಿನ ಹೊಗೆಮಸಿ ಕೂತ ಕಡೆಯೆಲ್ಲ ಮತ್ತೆ ಶೀತ ಹಿಡಿದು ಕರೆಂಟು ಸೋರುತ್ತದೆ.

ಒಣಗಿದ ಮೇಲೆ ಸೀರೀಸ್ ಬಲ್ಬು. ಸೆಟ್ಟಿಗೆ ಹೋಗುವ ಮೇನ್ಸ್ ಲೈನಿನ ಒಂದು ವೈರಿನ ನಡುವೆ 60 ವ್ಯಾಟಿನ ಫಿಲಮೆಂಟ್ ಬಲ್ಬು, ಎಲ್‌ಇಡಿ ನಡೆಯದು. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ ಇಝಡ್80 ಇನ್ನೂ ಹೊರಗೇ ಇರಲಿ. ಬಲ್ಬು ಜೋರಾಗಿ ಉರಿಯುತ್ತಲೇ ಇದ್ದರೆ ಟ್ರಾನ್ಸ್‌ಫಾರ್ಮರಿನಲ್ಲೋ ಹೀಟರ್ (ವಾಲ್ವ್ ಒಳಗೆ ಕಾಯುವ ತಂತಿ) ವೈರಿಂಗಿನಲ್ಲೋ ಶಾರ್ಟ್ ಇದೆ. ಮಂದವಾದರೆ ಮುಂದೆ ಹೋಗಬಹುದು. ಸೆಟ್ಟಿನ ಬೆನ್ನಿಗಿರುವ ವೋಲ್ಟೇಜ್ ಪ್ಲಗ್ 220ರಲ್ಲಿದ್ದರೆ 240ಕ್ಕೆ ಬದಲಿಸಿ.

ಇಷ್ಟೆಲ್ಲ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿನ ಮಾತು. ಯುಸಿಎಚ್81, ಯುಸಿಎಲ್82 ಹೀಗೆ 'ಯು' ಅಕ್ಷರದ ವಾಲ್ವ್‌ಗಳಿದ್ದರೆ ಅದು ಎಸಿ/ಡಿಸಿ ಸೆಟ್ಟು. ಚಾಸಿಗೇ ಮೇನ್ಸ್ ಬಂದಿರುತ್ತದೆ, ಮೇನ್ಸಿನಿಂದ ಸೆಟ್ಟನ್ನು ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಟ್ಟಬೇಡಿ. ಹೀಟರುಗಳು ಸಾಲಾಗಿರುವುದರಿಂದ ಒಂದು ತುಂಡಾದರೂ ಯಾವುದೂ ಉರಿಯದು.

ಹೆಚ್ಚಿನ ಕೆಲಸ ಇರುವುದು ಕಂಡೆನ್ಸರುಗಳಲ್ಲಿ. ಔಟ್‌ಪುಟ್ ವಾಲ್ವ್‌ನ ಗ್ರಿಡ್ಡಿಗೆ (ಸಿಗ್ನಲ್ ಒಳಬರುವ ತುದಿ) ಬರುವ 0.01 ಮೈಕ್ರೋಫ್ಯಾರಡ್ ಕಪ್ಲಿಂಗ್ ಕಂಡೆನ್ಸರನ್ನು ಪರೀಕ್ಷೆ ಮಾಡದೆ ಬದಲಿಸುತ್ತೇನೆ. ಅದು ಸೋರಿದರೆ ಗ್ರಿಡ್ಡಿಗೆ ಪಾಸಿಟಿವ್ ವೋಲ್ಟೇಜ್ ಹತ್ತಿ ಔಟ್‌ಪುಟ್ ವಾಲ್ವ್ ಇಎಲ್84 ಕೆಂಪಗೆ ಕಾಯುತ್ತದೆ. 630 ವೋಲ್ಟಿನ ಪಾಲಿಯೆಸ್ಟರ್ ಹಾಕಿ. ಆಮೇಲೆ ಸೆಟ್ಟು ಬಿಸಿಯಾದಾಗ ಅದರ 2ನೇ ಪಿನ್ನಿನಲ್ಲಿ (ಅದೇ ಗ್ರಿಡ್ಡು) ಮೀಟರ್ ಸೊನ್ನೆ ತೋರಿಸಬೇಕು. ಹೊಸ ಕಂಡೆನ್ಸರ್ ಹಾಕಿದ ಮೇಲೂ ಅರ್ಧ ವೋಲ್ಟು ಏರುತ್ತಿದ್ದರೆ ವಾಲ್ವೇ ಹಾಳು. ಡಿಸಿಯ ಏರಿಳಿತ ತಗ್ಗಿಸುವ ಫಿಲ್ಟರ್ ಕಂಡೆನ್ಸರಿಗೆ 47 ಮೈಕ್ರೋಫ್ಯಾರಡ್, 450 ವೋಲ್ಟ್ ಸಾಕು. ಹಮ್ (ಗುಂಯ್ ಸದ್ದು) ಹೋಗಲಿ ಅಂತ 100 ಹಾಕುವವರಿದ್ದಾರೆ, ಅದು ತಪ್ಪು: ಇಝಡ್80ಕ್ಕೆ ಮೊದಲ ಕಂಡೆನ್ಸರ್ 50 ದಾಟಬಾರದು. ಹಳೇ ಡಬ್ಬಿಯನ್ನು ನೋಟಕ್ಕೆ ಹಾಗೇ ಬಿಟ್ಟು ಅದರ ವೈರುಗಳನ್ನು ಮಾತ್ರ ಬಿಡಿಸಿ. ಕೈ ಹಾಕುವ ಮುಂಚೆ ಪ್ರತಿ ಸಲವೂ 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರಿನಿಂದ ಚಾರ್ಜು ಇಳಿಸಿ, ಮೀಟರಿನಲ್ಲಿ ನೋಡಿಯೇ ಮುಟ್ಟಿ.

ಈ ಹವೆಯಲ್ಲಿ ಪದೇಪದೇ ಸಿಗುವ ಇನ್ನೊಂದು ರೋಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನದು. ಅದರ ಪ್ರೈಮರಿಯ (ವಾಲ್ವ್ ಕಡೆಯ ಸುರುಳಿ) ತಂತಿ ಕೂದಲಿನಷ್ಟು ತೆಳು. ಶೀತ ಮತ್ತು ಡಿಸಿ ವೋಲ್ಟೇಜ್ ಸೇರಿ ತಾಮ್ರ ಕಿಲುಬಾಗಿ ಕಡಿದುಹೋಗುತ್ತದೆ. ಸಾಮಾನ್ಯವಾಗಿ ಕೆಲವು ನೂರು ಓಮ್ ತೋರಿಸಬೇಕಾದ್ದು ಏನೂ ತೋರಿಸದು. ಆಗ ಆನೋಡಿಗೆ (ವಾಲ್ವ್ ಒಳಗಿನ ಹೊರ ತಗಡು) ವೋಲ್ಟೇಜ್ ಇಲ್ಲ, ಸ್ಕ್ರೀನ್ ಗ್ರಿಡ್ಡಿಗೆ (ಅದರೊಳಗಿನ ತಂತಿ ಬಲೆ) ಇದೆ. ಕರೆಂಟೆಲ್ಲ ಸ್ಕ್ರೀನಿಗೆ ಹರಿದು ಅದು ಕೆಂಪಾಗುತ್ತದೆ. ಸೆಟ್ಟು ಮೂಕವಾಗಿದ್ದು ವಾಲ್ವ್ ಒಳಗೆ ಕೆಂಡ ಕಂಡರೆ ತಕ್ಷಣ ಆಫ್ ಮಾಡಿ.

ಬ್ಯಾಂಡ್ ಸ್ವಿಚ್ಚಿಗೆ ಎಣ್ಣೆ ಸ್ಪ್ರೇ ಬೇಡ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬ್ರಷ್ ಸಾಕು. ಐಎಫ್ (ಸೆಟ್ಟಿನೊಳಗಿನ ಮಧ್ಯಂತರ ಫ್ರೀಕ್ವೆನ್ಸಿ) ಕಾಯಿಲಿನ ಫೆರೈಟ್ ಸ್ಕ್ರೂ ತಿರುಗಿಸುವ ಆಸೆಯನ್ನಂತೂ ಬಿಡಿ. ಅದು ಮೇಣದಲ್ಲಿ ಕಚ್ಚಿಕೊಂಡಿರುತ್ತದೆ, ಒಡೆದರೆ ಕಾಯಿಲೇ ಹೋಯಿತು.

ಸ್ಪೀಕರಿನಲ್ಲಿ ಸಣ್ಣ ಹಮ್ ಇದ್ದೂ ಸ್ಟೇಷನ್ ಬರದಿದ್ದರೆ ಆಸಿಲೇಟರ್ (ಸ್ಟೇಷನ್ನಿಗಿಂತ ಐಎಫ್ ಅಷ್ಟು ಹೆಚ್ಚಿನ ಫ್ರೀಕ್ವೆನ್ಸಿ ಹುಟ್ಟಿಸುವ ಭಾಗ) ನೋಡಬೇಕು. ಅದಕ್ಕೆ ಒಂದು ಟ್ರಾನ್ಸಿಸ್ಟರ್ ರೇಡಿಯೋ ಸಾಕು. ಭದ್ರಾವತಿ ಆಕಾಶವಾಣಿ 675 ಕಿಲೋಹರ್ಟ್ಸ್, ಐಎಫ್ 455, ಕೂಡಿದರೆ 1130. ಟ್ರಾನ್ಸಿಸ್ಟರನ್ನು 1130ರ ಹತ್ತಿರ ಇಟ್ಟು, ವಾಲ್ವ್ ಸೆಟ್ಟಿನ ಮುಳ್ಳನ್ನು 675ರ ಆಸುಪಾಸಿನಲ್ಲಿ ನಿಧಾನ ತಿರುಗಿಸಿ. ಟ್ರಾನ್ಸಿಸ್ಟರಿನ ಗೊರಗೊರ ಒಮ್ಮೆಗೇ ತಣ್ಣಗಾದರೆ ಆಸಿಲೇಟರ್ ಬದುಕಿದೆ. ತಣ್ಣಗಾಗುವ ಜಾಗ ಡಯಲಿನ ಗುರುತಿಗಿಂತ ತುಸು ಆಚೀಚೆ ಇದ್ದರೆ ಬಹುಪಾಲು ಡಯಲ್ ದಾರ ಜಾರಿರುತ್ತದೆ, ಟ್ರಿಮ್ಮರಿಗೆ (ಟ್ಯೂನಿಂಗ್ ಹೊಂದಿಸುವ ಸಣ್ಣ ಕಂಡೆನ್ಸರ್) ಕೈ ಹಾಕುವ ಮೊದಲು ದಾರ ಸರಿಮಾಡಿ.

ಏರಿಯಲ್ಲಿಗೆ ಹತ್ತು-ಹದಿನೈದು ಮೀಟರ್ ವೈರು ತೋಟದ ಕಡೆಗೆ ಎಳೆಯಿರಿ, ಗುಡುಗಿನ ಸದ್ದು ಕೇಳುವ ಮೊದಲೇ ಬಿಚ್ಚಿಡಿ. ಇಷ್ಟಾದರೂ ಕರಕರ ಅಂದರೆ ರೇಡಿಯೋ ಬಿಚ್ಚಬೇಡಿ. ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಯುಪಿಎಸ್ ಒಂದೊಂದಾಗಿ ಆರಿಸಿ ನೋಡಿ.