ಹೊಲ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಹೋಗುವ ಸುದ್ದಿ ಬಂದಾಗ ರೈತರು ಮಾಡಬೇಕಾದದ್ದು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳಲ್ಲಿ ಇಂದಿಗೆ ಒಂದೂ ರಾಷ್ಟ್ರೀಯ ಉದ್ಯಾನವಿಲ್ಲ. ರಾಜ್ಯದ ಐದು ಉದ್ಯಾನಗಳಾದ ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ ಮತ್ತು ಅಣಶಿ ಬೇರೆ ಜಿಲ್ಲೆಗಳಲ್ಲಿವೆ. ಆದರೂ ಖಾನಾಪುರ ತಾಲೂಕಿನಲ್ಲಿ 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿ ಧಾಮ, ಬೀಳಗಿ ಮತ್ತು ಮುಧೋಳ ತಾಲೂಕುಗಳ ಯಡಹಳ್ಳಿ ಚಿಂಕಾರ ಧಾಮ, ಗೋಕಾಕ ತಾಲೂಕಿನ ಘಟಪ್ರಭಾ ಪಕ್ಷಿಧಾಮ ಇರುವ ಕಡೆ "ಪಾರ್ಕ್ ಆಗ್ತದಂತ, ಹೊಲ ಹೋಗ್ತಾವಂತ" ಎಂಬ ಮಾತು ಯಾವಾಗ ಬೇಕಾದರೂ ಏಳಬಹುದು. ಇಂಥ ಮಾತು ಎದ್ದರೆ ಊರಿನವರು ತಹಶೀಲ್ದಾರ್ ಕಚೇರಿಯ ಮುಂದೆ ಸೇರಿ, ಮನವಿ ಕೊಟ್ಟು, ಫೋಟೊ ತೆಗೆಸಿಕೊಂಡು ಮರಳುವುದು ವಾಡಿಕೆ. ಮನವಿ ಕೊಡುವುದು ತಪ್ಪಲ್ಲ. ಆದರೆ ಕಾನೂನಿನ ಕಣ್ಣಿಗೆ ಸಾಮೂಹಿಕ ಮನವಿಯೇ ಬೇರೆ, ಸರ್ವೆ ನಂಬರ್ ಬರೆದು ಅವಧಿಯೊಳಗೆ ಸಲ್ಲಿಸಿದ ಹಕ್ಕಿನ ಅರ್ಜಿಯೇ ಬೇರೆ. ಹೊಲ ಉಳಿಯುವುದಿದ್ದರೆ ಬಹುಮಟ್ಟಿಗೆ ಈ ಎರಡನೆಯದರಿಂದಲೇ ಉಳಿಯುತ್ತದೆ.

ಮೊದಲು ಆದೇಶ ಯಾವುದೆಂದು ತಿಳಿಯಿರಿ

ಊರಿನ ಬಾಯಲ್ಲಿ ಎಲ್ಲವೂ "ಪಾರ್ಕ್" ಆಗಿರುತ್ತದೆ, ಆದರೆ ಪ್ರತಿಯೊಂದರ ಪರಿಣಾಮ ಬೇರೆ ಬೇರೆ. ಕರ್ನಾಟಕ ರಾಜ್ಯಪತ್ರದಲ್ಲಿ ಅಥವಾ ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾದ ಅಧಿಸೂಚನೆಯ ಪ್ರತಿಯನ್ನು ಕೈಗೆ ತೆಗೆದುಕೊಂಡು, ಅದು ಯಾವ ಕಾಯ್ದೆಯ ಯಾವ ಕಲಮಿನಡಿ ಹೊರಟಿದೆ ಎಂಬುದನ್ನು ಮೊದಲ ಪುಟದಲ್ಲೇ ನೋಡಬೇಕು. ಪ್ರತಿ ಸಿಗದಿದ್ದರೆ ಉಪ ಅರಣ್ಯ ಸಂರಕ್ಷಣಾಧಿಕಾರಿಯ ಕಚೇರಿಗೂ ಜಿಲ್ಲಾಧಿಕಾರಿ ಕಚೇರಿಗೂ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಅಧಿಸೂಚನೆಯ ಜೊತೆಗೆ ನಕ್ಷೆಯನ್ನೂ ಸರ್ವೆ ನಂಬರುಗಳ ಪಟ್ಟಿಯನ್ನೂ ಕೇಳಬೇಕು. ಉತ್ತರಕ್ಕೆ 30 ದಿನಗಳ ಗಡುವಿದೆ.

ಅಧಿಸೂಚನೆ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಬಂದಿದ್ದರೆ ಅದು ಪರಿಸರ ಸೂಕ್ಷ್ಮ ವಲಯದ್ದು. ಇದರಲ್ಲಿ ಹೊಲದ ಮಾಲೀಕತ್ವ ಹೋಗುವುದಿಲ್ಲ, ಸ್ಥಳೀಯರ ಬೇಸಾಯಕ್ಕೂ ತಡೆಯಿರುವುದಿಲ್ಲ. ಗಣಿ, ಕ್ವಾರಿ, ರೆಸಾರ್ಟುಗಳ ಮೇಲೆ ಮತ್ತು ಹೊಲವನ್ನು ಬಿನ್‌ಶೇತ್ಕಿ (ಕೃಷಿಯೇತರ) ಮಾಡುವುದರ ಮೇಲೆ ನಿರ್ಬಂಧ ಬೀಳುತ್ತದೆ. ಪಶ್ಚಿಮ ಘಟ್ಟದ ಬಗ್ಗೆ 2024ರ ಜುಲೈ 31ರಂದು ಹೊರಟ ಆರನೆಯ ಕರಡು ಈ ಬಗೆಯದೇ, ಅದರ ವ್ಯಾಪ್ತಿಗೆ ಖಾನಾಪುರ ತಾಲೂಕಿನ ಹಳ್ಳಿಗಳೂ ಸೇರಿವೆ. ಇಂಥ ಕರಡಿಗೆ 60 ದಿನಗಳೊಳಗೆ ಲಿಖಿತ ಆಕ್ಷೇಪಣೆ ಕಳಿಸಬಹುದು. 1963ರ ಕರ್ನಾಟಕ ಅರಣ್ಯ ಕಾಯ್ದೆಯ 4ನೆಯ ಕಲಮಿನದಾದರೆ ಅದು ಮೀಸಲು ಅರಣ್ಯದ ಪ್ರಸ್ತಾವ, ಅದರ ವಿಚಾರಣೆ ಅರಣ್ಯ ವ್ಯವಸ್ಥಾಪನಾಧಿಕಾರಿಯ ಮುಂದೆ ನಡೆಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 18ನೆಯ ಕಲಮು ಎಂದಿದ್ದರೆ ವನ್ಯಜೀವಿ ಧಾಮ, 35ನೆಯ ಕಲಮು ಎಂದಿದ್ದರೆ ರಾಷ್ಟ್ರೀಯ ಉದ್ಯಾನ. ಎಲ್ಲಕ್ಕಿಂತ ಬಿಗಿಯಾದದ್ದು ಈ ಕೊನೆಯದು.

ಧಾಮಕ್ಕೂ ಉದ್ಯಾನಕ್ಕೂ ಇರುವ ಅಂತರವನ್ನು ಗ್ರಾಮಸಭೆಯಲ್ಲಿ ಎಲ್ಲರಿಗೂ ಬಿಡಿಸಿ ಹೇಳುವುದು ಅಗತ್ಯ. ಹಕ್ಕುಗಳ ವಿಚಾರಣೆ ಮುಗಿದ ಮೇಲೆ ಧಾಮದ ಸಂದರ್ಭದಲ್ಲಿ ಅಧಿಕಾರಿಗೆ ಮೂರು ದಾರಿಗಳಿವೆ: ಆ ಜಮೀನನ್ನು ಗಡಿಯಿಂದ ಹೊರಗಿಡುವುದು, ಸ್ವಾಧೀನ ಮಾಡಿಕೊಳ್ಳುವುದು, ಅಥವಾ ಮುಖ್ಯ ವನ್ಯಜೀವಿ ಪರಿಪಾಲಕರ ಸಮಾಲೋಚನೆಯೊಂದಿಗೆ ಹಕ್ಕನ್ನು ಧಾಮದೊಳಗೇ ಮುಂದುವರಿಸುವುದು. ರಾಷ್ಟ್ರೀಯ ಉದ್ಯಾನಕ್ಕೆ ಈ ಮೂರನೆಯ ದಾರಿಯನ್ನು ಕಾಯ್ದೆಯೇ ಮುಚ್ಚಿದೆ, ದನ ಮೇಯಿಸುವುದನ್ನೂ ನಿಷೇಧಿಸಿದೆ. ಆದ್ದರಿಂದ ಉದ್ಯಾನದ ಪ್ರಸ್ತಾವವಿದ್ದಾಗ "ನಮಗೆ ಉಳುಮೆ ಮಾಡಲು ಬಿಡಿ" ಎಂದು ಕೇಳುವುದರಿಂದ ಪ್ರಯೋಜನವಿಲ್ಲ. "ನಮ್ಮ ಇಂತಿಂಥ ಸರ್ವೆ ನಂಬರುಗಳನ್ನು 24(2)(ಎ) ಕಲಮಿನಡಿ ಗಡಿಯಿಂದ ಹೊರಗಿಡಿ" ಎಂದೇ ಕೇಳಬೇಕು. ಅಂತಿಮ ಘೋಷಣೆಯಾದ ನಂತರ ಗಡಿ ಬದಲಿಸಲು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸೇ ಬೇಕಾಗುವುದರಿಂದ, ಆ ಕಾಲಕ್ಕೆ ನಮ್ಮ ತಾಲೂಕಿನ ಯಾವ ಕಚೇರಿಯೂ ಏನೂ ಮಾಡಲಾರದು.

ಉತಾರ, ವಾರಸಾ, ವಹಿವಾಟ

ಉದ್ದೇಶದ ಅಧಿಸೂಚನೆ, ಅಂದರೆ ಧಾಮ ಅಥವಾ ಉದ್ಯಾನ ಮಾಡುವ ಇರಾದೆಯನ್ನು ಸರ್ಕಾರ ತಿಳಿಸುವ ಮೊದಲ ಅಧಿಸೂಚನೆ, ಹೊರಟ ದಿನದಿಂದ ಆ ಪ್ರದೇಶದ ಜಮೀನಿನ ಮೇಲೆ ಹೊಸ ಹಕ್ಕು ಹುಟ್ಟುವುದಿಲ್ಲ. ವಾರಸುದಾರಿಕೆಯಿಂದ ಅಥವಾ ಮೃತ್ಯುಪತ್ರದಿಂದ ಬರುವ ಹಕ್ಕಿಗೆ ಮಾತ್ರ ವಿನಾಯಿತಿಯಿದೆ. ಅಜ್ಜನ ಹೆಸರಿನಲ್ಲೇ ಉತಾರ (ಪಹಣಿ) ಉಳಿದಿರುವ, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಿಸ್ಸೆ ಮಾಡಿಕೊಂಡು ಪೋಡಿ (ಹಿಸ್ಸೆಯ ಅಧಿಕೃತ ಅಳತೆ, ವಿಭಜನೆ) ಮಾಡಿಸದೆ ಬಿಟ್ಟಿರುವ ಮನೆಗಳು ನಮ್ಮಲ್ಲಿ ಬಹಳ. ಕರಾರುಪತ್ರ ಬರೆದುಕೊಟ್ಟು ಖರೀದಿ ನೋಂದಣಿಯನ್ನು ಮುಂದೂಡಿದವರ ಸ್ಥಿತಿ ಇನ್ನೂ ಕಷ್ಟದ್ದು. ಹಾಗಾಗಿ ಕಾಡಿನ ಅಂಚಿನ ಊರಿನವರು ಅಧಿಸೂಚನೆಗಾಗಿ ಕಾಯದೆ ಈ ಕೆಲಸವನ್ನು ಇಂದೇ ಹಿಡಿಯುವುದು ಒಳಿತು. ಉತಾರದ 9ನೆಯ ಕಾಲಮಿನಲ್ಲಿ ಈಗ ಬದುಕಿರುವವರ ಹೆಸರಿದೆಯೇ, 11ನೆಯ ಕಾಲಮಿನಲ್ಲಿ ಅರಣ್ಯದ ಯಾವುದಾದರೂ ನಮೂದು ಸದ್ದಿಲ್ಲದೆ ಸೇರಿದೆಯೇ, 12ನೆಯದರಲ್ಲಿ ನಿಜವಾಗಿ ಬೆಳೆದ ಬೆಳೆಯೇ ದಾಖಲಾಗಿದೆಯೇ ಎಂಬುದನ್ನು ಓದಿ ನೋಡಬೇಕು. ತಪ್ಪಿದ್ದರೆ ತಲಾಟಿಗೆ (ಈಗ ಗ್ರಾಮ ಆಡಳಿತಾಧಿಕಾರಿ ಎನ್ನುತ್ತಾರೆ, ಊರಲ್ಲಿ ಇನ್ನೂ ತಲಾಟಿಯೇ) ಬಾಯಿಮಾತಿನಲ್ಲಿ ಹೇಳಿ ಬಿಡದೆ, ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು.

ಇದರೊಂದಿಗೆ ಬಾವಿ, ಕೊಳವೆಬಾವಿ, ಪೈಪ್‌ಲೈನ್, ಮಾವು–ತೆಂಗಿನ ಮರಗಳು, ದನದ ಕೊಟ್ಟಿಗೆ, ಹೊಲಕ್ಕೆ ಹೋಗುವ ಬಂಡಿದಾರಿ ಇವುಗಳ ಫೋಟೊಗಳನ್ನೂ ಕರೆಂಟ್ ಬಿಲ್ಲು, ಕಂದಾಯದ ರಸೀದಿ, ಬೆಳೆಸಾಲದ ಕಾಗದಗಳನ್ನೂ ಒಂದೇ ಕಡತದಲ್ಲಿ ಇಡಬೇಕು. ಗಾಯರಾಣದಲ್ಲಿ (ಗೋಮಾಳದಲ್ಲಿ) ಮೇಯಿಸುವುದು, ಹಳ್ಳದ ನೀರು ಕುಡಿಸುವುದು, ಗುಡ್ಡದ ಮೇಲಿನ ದೇವರಿಗೆ ವರ್ಷಕ್ಕೊಮ್ಮೆ ನಡೆದುಹೋಗುವುದು ಇವನ್ನೂ ಬರೆದಿಡದೆ ಬಿಡಬಾರದು.

ಎರಡು ತಿಂಗಳ ಅವಧಿ

ಉದ್ದೇಶದ ಅಧಿಸೂಚನೆ ಹೊರಟು 60 ದಿನಗಳೊಳಗೆ ಜಿಲ್ಲಾಧಿಕಾರಿ, ಅಥವಾ ಅದಕ್ಕೆಂದು ನೇಮಕವಾದ ಅಧಿಕಾರಿ, ವನ್ಯಜೀವಿ ಕಾಯ್ದೆಯ 21ನೆಯ ಕಲಮಿನಡಿ ಆ ಪ್ರದೇಶದ ಊರುಗಳಲ್ಲಿ ಪ್ರಾದೇಶಿಕ ಭಾಷೆಯಲ್ಲಿ ಉದ್ಘೋಷಣೆ ಹೊರಡಿಸಬೇಕು. ಅದು ಪ್ರಕಟವಾದಂದಿನಿಂದ ಎರಡು ತಿಂಗಳೊಳಗೆ ನಿಗದಿತ ನಮೂನೆಯಲ್ಲಿ ಲಿಖಿತ ಹಕ್ಕುಅರ್ಜಿ ಸಲ್ಲಿಸಬೇಕು. ಪಂಚಾಯ್ತಿಯ ಫಲಕಕ್ಕೆ ಅಂಟಿಸಿದ ಹಾಳೆ ಮಳೆಗೆ ಹರಿದುಹೋದರೂ ಅವಧಿ ಓಡುತ್ತಲೇ ಇರುತ್ತದೆ. ಅಂಟಿಸಿದ ದಿನವೇ ತಾರೀಖು ಕಾಣುವಂತೆ ಅದರ ಫೋಟೊ ತೆಗೆದಿಡಿ. ಉದ್ಘೋಷಣೆ ಊರಿಗೇ ಬರದಿದ್ದರೆ ಆ ಸಂಗತಿಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿಡಿ, ಮುಂದೆ ನ್ಯಾಯಾಲಯದಲ್ಲಿ ಅದು ದೊಡ್ಡ ಆಧಾರವಾಗುತ್ತದೆ.

ಅರ್ಜಿಯನ್ನು ಮನೆಗೊಂದರಂತೆ ಪ್ರತ್ಯೇಕವಾಗಿ ಬರೆಯಬೇಕು. ಸರ್ವೆ ನಂಬರ್, ಹಿಸ್ಸಾ ನಂಬರ್, ಎಕರೆ–ಗುಂಟೆ, ಹಕ್ಕಿನ ಸ್ವರೂಪ ಇವುಗಳ ಜೊತೆಗೆ, ಮೊದಲ ಬೇಡಿಕೆಯಾಗಿ ಗಡಿಯಿಂದ ಹೊರಗಿಡುವಂತೆಯೂ ಅದು ಆಗದಿದ್ದ ಪಕ್ಷದಲ್ಲಿ ಎಷ್ಟು ಪರಿಹಾರ ಎಂಬುದನ್ನೂ ಕಾಣಿಸಬೇಕು. ಪರಿಹಾರದ ಮೊತ್ತ ಬರೆದರೆ ಹೊಲ ಬಿಡಲು ಒಪ್ಪಿದಂತೆ ಆಗುತ್ತದೆಂದು ಹಲವರು ಹೆದರುತ್ತಾರೆ; ಕಾಯ್ದೆಯೇ ಆ ವಿವರ ಕೇಳುವುದರಿಂದ "ನಮ್ಮ ಆಕ್ಷೇಪಣೆಗೆ ಧಕ್ಕೆಯಾಗದಂತೆ" ಎಂಬ ಒಂದು ಸಾಲು ಸೇರಿಸಿದರೆ ಸಾಕು. ಅರ್ಜಿ ಕೊಡದೆ ಉಳಿದವರ ಹಕ್ಕುಗಳನ್ನೂ ಸರ್ಕಾರಿ ದಾಖಲೆ ಮತ್ತು ತಿಳಿದವರ ಹೇಳಿಕೆಯ ಆಧಾರದಲ್ಲಿ ವಿಚಾರಿಸಬೇಕೆಂದು 22ನೆಯ ಕಲಮು ಹೇಳುತ್ತದೆ. ಅದನ್ನೇ ನಂಬಿ ಸುಮ್ಮನಿರುವುದು ಜಾಣತನವಲ್ಲ, ಆದರೆ ಪುಣೆ, ಕೊಲ್ಹಾಪುರ, ಗೋವಾ ಕಡೆ ದುಡಿಯಲು ಹೋದವರ ಪರವಾಗಿ ಊರಿನ ಹಿರಿಯರು ಹೇಳಿಕೆ ಕೊಡಲು ಅದು ಉಪಯೋಗಕ್ಕೆ ಬರುತ್ತದೆ. ಧಾಮದ ಪ್ರಸ್ತಾವವಾದರೆ, ಹಕ್ಕುಗಳು ಇತ್ಯರ್ಥವಾಗುವವರೆಗೆ ಸೌದೆ, ಮೇವು ಮುಂತಾದವುಗಳಿಗೆ ಸರ್ಕಾರವೇ ಪರ್ಯಾಯ ವ್ಯವಸ್ಥೆ ಮಾಡಬೇಕೆಂದು 18ಎ ಕಲಮಿನಲ್ಲಿದೆ. ಇದನ್ನೂ ಪ್ರತ್ಯೇಕ ಅರ್ಜಿಯಲ್ಲಿ ಕೇಳಿ.

ಅರಣ್ಯ ಭೂಮಿಯಲ್ಲೇ ಉಳುಮೆ ಮಾಡುತ್ತಿರುವವರ ವಿಷಯ ಬೇರೆ. ಅವರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯೇ ಆಸರೆ. 2005ರ ಡಿಸೆಂಬರ್ 13ಕ್ಕಿಂತ ಮುಂಚಿನಿಂದ ಜಮೀನು ಅವರ ವಶದಲ್ಲಿರಬೇಕು, ಪರಿಶಿಷ್ಟ ಪಂಗಡಕ್ಕೆ ಸೇರದವರು ಅದಕ್ಕೂ ಹಿಂದಿನ 75 ವರ್ಷಗಳ ನೆಲೆಯನ್ನು ತೋರಿಸಬೇಕು. ಇದು ದನ ಸಾಕುವ ಗೌಳಿಗರಂಥ ಕುಟುಂಬಗಳಿಗೂ ಸುಲಭವಲ್ಲ. ಆದರೆ ಮೇವಿನ ಹಕ್ಕು ಮತ್ತು ಕುರಿಗಾರರ ಋತುಮಾನದ ಹಾದಿಯ ಹಕ್ಕನ್ನು ಸಮುದಾಯದ ಹೆಸರಿನಲ್ಲಿ ಕೇಳಬಹುದು, ಹಕ್ಕುಗಳ ಪರಿಶೀಲನೆ ಮುಗಿಯುವವರೆಗೆ ಒಕ್ಕಲೆಬ್ಬಿಸುವಂತಿಲ್ಲ.

ಹಣದ ಮಾತು ಬಂದಾಗ

ಮುಳುಗಡೆಯ ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದ ಬಾಗಲಕೋಟೆ ಜಿಲ್ಲೆಯ ಜನರಿಗೆ ಈ ಭಾಗವನ್ನು ಹೆಚ್ಚು ವಿವರಿಸಬೇಕಿಲ್ಲ. ಸ್ವಾಧೀನವಾದರೆ 2013ರ ಭೂಸ್ವಾಧೀನ ಕಾಯ್ದೆಯಂತೆ ಮಾರುಕಟ್ಟೆ ಬೆಲೆಯ ಮೇಲೆ ಶೇ. 100ರಷ್ಟು ಸಾಂತ್ವನ ಧನ (ಬಲವಂತದ ಸ್ವಾಧೀನಕ್ಕೆ ಕೊಡುವ ಹೆಚ್ಚುವರಿ ಹಣ) ಸೇರುತ್ತದೆ, ಗ್ರಾಮೀಣ ಪ್ರದೇಶಕ್ಕೆ ಬೆಲೆಯನ್ನು ಗುಣಿಸುವ ಅಂಶವೂ ಇದೆ. ಬೆಲೆ ನಿಲ್ಲುವುದು ಹಿಂದಿನ ಮೂರು ವರ್ಷಗಳ ಖರೀದಿಪತ್ರಗಳ ಮೇಲೆ. ಸುತ್ತಲಿನ ಊರುಗಳಲ್ಲಿ ಹೆಚ್ಚಿನ ಬೆಲೆಗೆ ನೋಂದಣಿಯಾದ ಪತ್ರಗಳ ನಕಲುಗಳನ್ನು ಉಪನೋಂದಣಿ ಕಚೇರಿಯಿಂದ ಮೊದಲೇ ತೆಗೆಸಿಟ್ಟುಕೊಳ್ಳಿ. ಹಣ ಪಡೆಯುವಾಗ "ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ" ಎಂದು ಬರೆಯದೆ ಸಹಿ ಮಾಡಿದವರು ಹೆಚ್ಚಿನ ಪರಿಹಾರ ಕೇಳುವ ಹಕ್ಕನ್ನೇ ಕಳೆದುಕೊಳ್ಳುತ್ತಾರೆ.

ಸ್ವಯಂಪ್ರೇರಿತ ಸ್ಥಳಾಂತರ ಇನ್ನೊಂದು ಬಗೆ. ಭೀಮಗಡದೊಳಗಿನ ತಳೇವಾಡಿಯ ಕುಟುಂಬಗಳಿಗೆ ತಲಾ 15 ಲಕ್ಷ ರೂಪಾಯಿಯನ್ನು ಕಂತಿನಲ್ಲಿ ಕೊಡುವ ಒಪ್ಪಂದವಾಯಿತು. ಮಳೆಗಾಲದಲ್ಲಿ ರೋಗಿಯನ್ನು ಹೊತ್ತು ನಡೆಯಬೇಕಾದ ಊರಿನವರು ಹೊರಬರಲು ಬಯಸಿದರೆ ಅದನ್ನು ಸೋಲೆಂದು ಯಾರೂ ಹಳಿಯಬಾರದು. ಆದರೆ ಒಪ್ಪಂದಪತ್ರದಲ್ಲಿ ಮನೆಯ ಹಣದೊಂದಿಗೆ ಉತಾರವಿರುವ ಹೊಲದ ಹಣವೂ ಸೇರಿದೆಯೇ, ವಯಸ್ಸಿಗೆ ಬಂದ ಮಗನನ್ನು ಪ್ರತ್ಯೇಕ ಕುಟುಂಬವೆಂದು ಎಣಿಸಿದ್ದಾರೆಯೇ, ಎರಡನೆಯ ಕಂತು ಯಾವಾಗ ಬರುತ್ತದೆ ಎಂಬುದನ್ನು ಸಹಿಗೆ ಮೊದಲು ಕೇಳಲೇಬೇಕು.

ಸ್ವಾಧೀನದ ಪ್ರಕ್ರಿಯೆಯನ್ನು ಆದಷ್ಟು ಮಟ್ಟಿಗೆ ಎರಡು ವರ್ಷಗಳಲ್ಲಿ ಮುಗಿಸಬೇಕೆಂದು ವನ್ಯಜೀವಿ ಕಾಯ್ದೆ ಹೇಳುತ್ತದೆ, ಮುಗಿಯದಿದ್ದರೆ ಅಧಿಸೂಚನೆ ಬಿದ್ದುಹೋಗುವುದಿಲ್ಲ ಎಂದೂ ಅಲ್ಲೇ ಹೇಳುತ್ತದೆ. ಹಾಗಾಗಿ ವಿಚಾರಣೆ ನೆನೆಗುದಿಗೆ ಬಿದ್ದರೆ ಕಾಯುತ್ತ ಕೂರದೆ ಹೈಕೋರ್ಟಿಗೆ ಹೋಗುವುದೇ ದಾರಿ. ಬೆಳಗಾವಿ ಮತ್ತು ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಅರ್ಜಿಯ ಸ್ವೀಕೃತಿ, ಉದ್ಘೋಷಣೆಯ ಫೋಟೊ ಮತ್ತು ಗ್ರಾಮಸಭೆಯ ನಡಾವಳಿಯ ದೃಢೀಕೃತ ನಕಲನ್ನು ಮೊದಲ ಭೇಟಿಗೇ ಒಯ್ಯಿರಿ.