ಕಡಲ ಎದುರಿನ ಗೋಡೆಗೆ ಹಾಯಿಹಡಗು ಬರೆದದ್ದು

ಹಾಯಿಹಡಗುಗಳ ಕಾಲವನ್ನು ನಾನು ಬರೆದ ಗೋಡೆ ಸಮುದ್ರಕ್ಕೇ ಮುಖ ಮಾಡಿತ್ತು. ಅಂಥ ಕಡೆ ಮೊದಲ ಕೆಲಸ ಉಪ್ಪಿನದು. ಕಡಲ ಗಾಳಿಯ ಉಪ್ಪು ಗೋಡೆಯೊಳಗೆ ಇಳಿದಿರುತ್ತದೆ, ತೇವ ಆರುವಾಗ ಬಿಳಿ ಪುಡಿಯಾಗಿ ಹೊರಬಂದು ಬಣ್ಣವನ್ನೇ ಎಬ್ಬಿಸಿಬಿಡುತ್ತದೆ. ಪುಡಿಯನ್ನು ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆದೆ, ಸಿಹಿನೀರಲ್ಲಿ ತೊಳೆದೆ, ಒಣಗಲು ಬಿಟ್ಟು ಮತ್ತೆ ಪುಡಿ ಬಂತಾ ಅಂತ ನೋಡಿ ಇನ್ನೊಮ್ಮೆ ತೊಳೆದೆ. ಕಿತ್ತುಹೋದ ಕಡೆ ಸಿಮೆಂಟ್ ಗಾರೆ ಹಾಕಿಸಿ 28 ದಿನ ಕಾದೆ. ಹೊಸ ಗಾರೆಯಲ್ಲಿ ಕ್ಷಾರ ಜಾಸ್ತಿ, ಪ್ರಷ್ಯನ್ ನೀಲಿ ಅನ್ನೋ ಗಾಢ ನೀಲಿ ಬಣ್ಣ ಅದಕ್ಕೆ ತಾಗಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಸಮುದ್ರ ಬರೆಯುವವರಿಗೆ ಇದು ದೊಡ್ಡ ವಿಷಯ ಅಲ್ವಾ? ಹಾಗಾಗಿ ಕ್ಷಾರಕ್ಕೆ ಕೆಡದ ಥ್ಯಾಲೊ ನೀಲಿ ಅನ್ನೋ ಬಣ್ಣ ತಗೊಂಡೆ. ಹಡಗಿನ ಮರಕ್ಕೆ ಕೆಮ್ಮಣ್ಣಿನ ಬಣ್ಣ, ಅದು ಬಿಸಿಲಿಗೆ ಬೇಗ ಮಾಸುವುದಿಲ್ಲ.

ನಾನು ತಪ್ಪಿದ್ದು ಬಾವುಟದಲ್ಲಿ.

ಅಳತೆ ತಪ್ಪದಿರಲು ಗೋಡೆಗೆ ಚೌಕ ಹಾಕಿ, ದೊಡ್ಡ ಹಡಗಿನ ರೇಖೆ ಎಳೆದು ಮುಗಿಸಿದ್ದೆ. ಹಾಯಿಗಳು ಮುಂದಕ್ಕೆ ಉಬ್ಬಿದ್ದವು, ಹಾಯಿ ಕಟ್ಟುವ ಕೂವೆಮರದ ತುದಿಯಲ್ಲಿ ಬಾವುಟ ಹಿಂದಕ್ಕೆ ಹಾರುತ್ತಿತ್ತು. ಹಡಗಿನಲ್ಲಿ ದುಡಿದಿದ್ದ ಹಿರಿಯರೊಬ್ಬರು ದಿನಾ ಬಂದು ಸುಮ್ನೆ ನೋಡುತ್ತಿದ್ದರು. ಅವತ್ತು ಕೇಳಿದರು, "ಗಾಳಿ ಯಾವ ಕಡೆಯಿಂದ ಬೀಸ್ತಿದೆ ಮಗಾ?" ನನಗೆ ತಕ್ಷಣ ಹೊಳೆಯಲಿಲ್ಲ. ಹಿಂದಿನಿಂದ ಬರುವ ಗಾಳಿ ಹಾಯಿಯನ್ನು ತಳ್ಳುತ್ತಿದ್ದರೆ ಬಾವುಟವೂ ಮುಂದಕ್ಕೇ ಹಾರಬೇಕು. ಇಂಜಿನ್ ದೋಣಿಗಳನ್ನೇ ನೋಡಿದ ಕಣ್ಣು ನನ್ನದು, ಅಲ್ಲಿ ದೋಣಿ ಜೋರಾಗಿ ಓಡಿದರೆ ಬಾವುಟ ಹಿಂದಕ್ಕೆ ಹೋಗುತ್ತದೆ. ಗಾಳಿಯನ್ನು ನಂಬಿ ಬದುಕಿದ ಜನರ ಚಿತ್ರದಲ್ಲಿ ಗಾಳಿಯೇ ತಪ್ಪಾಗಿತ್ತು.

ಬಾವುಟ ಒರೆಸಿದೆ. ಆಮೇಲೆ ಗೋಡೆಯ ಮೇಲ್ಭಾಗದಲ್ಲಿ ಸೀಮೆಸುಣ್ಣದಿಂದ ಗಾಳಿ ಬೀಸುವ ದಿಕ್ಕಿಗೆ ಒಂದು ಉದ್ದನೆಯ ಬಾಣ ಎಳೆದು, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸುತ್ತಾ ಬಂದೆ. ದಡದ ಒಲೆಯ ಹೊಗೆ ಬಾಣದ ಕಡೆಗೆ ಬಾಗಿತು. ಕೂತ ಕಡಲಹಕ್ಕಿಗಳು ಗಾಳಿಗೆ ಮುಖ ಕೊಟ್ಟವು. ಲಂಗರು ಹಾಕಿದ ಸಣ್ಣ ದೋಣಿಗಳನ್ನು ಮನಸ್ಸಿಗೆ ಬಂದ ಹಾಗೆ ನಿಲ್ಲಿಸಿದ್ದೆ. ನೀರಿನ ಸೆಳೆತ ಜೋರಿಲ್ಲದಿದ್ದರೆ ಅವುಗಳ ಮೂತಿಯೂ ಗಾಳಿಯ ಕಡೆಗೇ ತಿರುಗುತ್ತದಂತೆ, ಅದನ್ನೂ ಆ ಹಿರಿಯರೇ ಹೇಳಿದ್ದು. ಎಲ್ಲ ದೋಣಿ ಅಳಿಸಿ ಹೊಸದಾಗಿ ಬರೆದೆ, ನಾಲ್ಕು ದಿನ ಹಿಡಿಯಿತು.

ಆಕಾಶದ ಬಣ್ಣ ತುಂಬುವವರೆಗೂ ಆ ಬಾಣ ಹಾಗೇ ಇತ್ತು.